ಹುಲ್ಲು, ಸೊಪ್ಪು, ಕಳೆ: ಕ್ಲೋವರ್ ಹೊಲದ ನಾನ್ನೂರು ವರ್ಷ

ಕನ್ನಡದಲ್ಲಿ 'ಕಳೆ' ಎಂಬುದು ಹೊಲದಲ್ಲಿ ಬೇಡದೆ ಬೆಳೆಯುವ ಗಿಡದ ಹೆಸರು. ತೆಗೆದುಹಾಕು, ನೀಗು ಎಂಬ ಕ್ರಿಯೆಯೂ ಅದೇ ಮಾತು. ಗಿಡಕ್ಕೆ ಅದರ ರೂಪದಿಂದಲೋ ಗುಣದಿಂದಲೋ ಬಂದ ಹೆಸರಲ್ಲ ಇದು. ಅದನ್ನು ಏನು ಮಾಡಬೇಕು ಎಂದು ನಾವು ತೀರ್ಮಾನಿಸಿದೆವೋ ಆ ತೀರ್ಮಾನದಿಂದ ಬಂದ ಹೆಸರು. ಯಾವ ಗಿಡವೂ ಹುಟ್ಟಿನಿಂದ ಕಳೆಯಲ್ಲ. ಯಾರೋ ಕಳೆಯಬೇಕೆಂದುಕೊಂಡಾಗ ಅದು ಕಳೆಯಾಗುತ್ತದೆ. ಹಾಗಾದರೆ ಕಳೆಗೂ ಒಂದು ಇತಿಹಾಸವಿರಬೇಕು. ಯಾರು, ಎಂದು, ಯಾವ ಕಾರಣಕ್ಕೆ ಹಾಗೆ ತೀರ್ಮಾನಿಸಿದರು ಎಂಬ ಇತಿಹಾಸ. ಅದನ್ನು ಒಂದೇ ಬೆಳೆಯ ಮೂಲಕ ನೋಡುವುದು ಈ ಬರಹದ ಉದ್ದೇಶ. ಆ ಬೆಳೆ ಕ್ಲೋವರ್.

ನಮ್ಮ ಭಾಷೆಯ ಇನ್ನೊಂದು ವಿಂಗಡಣೆಯನ್ನೂ ಇಲ್ಲಿ ನೆನೆಯಬೇಕು. ನೆಲದ ಹಸುರನ್ನು ನಮ್ಮ ಹಿರಿಯರು ಹುಲ್ಲು ಮತ್ತು ಸೊಪ್ಪು ಎಂದು ಎರಡಾಗಿ ಕಂಡರು. ನೀಳವಾದ ಗರಿಯಂತಹ ಎಲೆಯುಳ್ಳದ್ದು ಹುಲ್ಲು. ಅಗಲ ಎಲೆಯದ್ದು ಸೊಪ್ಪು. ರಾಗಿ, ಜೋಳ, ಭತ್ತ, ಗೋಧಿ ಎಲ್ಲವೂ ಹುಲ್ಲಿನ ಕುಲದವು. ಅವರೆ, ತೊಗರಿ, ಮೆಂತ್ಯ ಸೊಪ್ಪಿನ ಕಡೆಯವು. ಕ್ಲೋವರ್ ಕೂಡ ಸೊಪ್ಪಿನ ಕಡೆಯದು, ಮೆಂತ್ಯದ ಹತ್ತಿರದ ಬಂಧು. ಮೂರು ಕಿರುಎಲೆಗಳ ಆ ಗೊಂಚಲನ್ನು ನೋಡಿದರೆ ನೆಂಟಸ್ತನ ಗುರುತಿಸುವುದು ಕಷ್ಟವಲ್ಲ. ಸೊಪ್ಪಿನ ಹೊಲದೊಳಕ್ಕೆ ಹುಲ್ಲು ನುಗ್ಗಿದಾಗ ಏನು ಮಾಡಬೇಕು ಎಂಬುದು ಕ್ಲೋವರ್ ಬೆಳೆದವರನ್ನೆಲ್ಲ ಕಾಡಿದ ಪ್ರಶ್ನೆ.

ಕರ್ನಾಟಕದಲ್ಲಿ ಕ್ಲೋವರ್ ಮನೆಮಾತಲ್ಲ. ಅದಕ್ಕೆ ದೀರ್ಘವಾದ ತಂಪು ಚಳಿಗಾಲ ಬೇಕು. ನಮ್ಮ ಕಡೆ ದನಕ್ಕೂ ಕುದುರೆಗೂ ಬೆಳೆಸಿದ್ದು ಅದರ ಬಂಧುವಾದ ಕುದುರೆ ಮಸಾಲೆಯನ್ನು. ಪುಣೆಯ ನಮ್ಮ ಗೆಳೆಯರು ಅದನ್ನೇ 'ಲಸೂಣ್ ಘಾಸ್' ಎಂಬ ಮರಾಠಿ ಹೆಸರಿನಿಂದ ಬಲ್ಲರು. ಆದರೆ ದೆಹಲಿಯಲ್ಲಿ ನೆಲೆಸಿದವರು ಚಳಿಗಾಲದಲ್ಲಿ ಹರಿಯಾಣದತ್ತಲೋ ಪಂಜಾಬಿನತ್ತಲೋ ರೈಲು ಹತ್ತಿದರೆ ಗೋಧಿಯ ಹೊಲಗಳ ನಡುವೆ ಅಲ್ಲಲ್ಲಿ ಇನ್ನೂ ದಟ್ಟ ಹಸುರಿನ ಸಣ್ಣ ಸಣ್ಣ ತಾಕುಗಳನ್ನು ಕಂಡಿರುತ್ತಾರೆ. ಅದು ಬರ್ಸೀಂ, ಈಜಿಪ್ಟಿನ ಕ್ಲೋವರ್. ಉತ್ತರ ಭಾರತದ ಎಮ್ಮೆಗಳ ಚಳಿಗಾಲದ ಹಾಲಿನಲ್ಲಿ ಅದರ ಪಾಲು ದೊಡ್ಡದು.

ಕ್ಲೋವರಿನ ಹೊಲದಲ್ಲಿ ಕಳೆ ಏಕೆ ಅಷ್ಟು ದೊಡ್ಡ ತೊಡಕು ಎಂಬುದನ್ನು ಎಡೆಕುಂಟೆ ಬಲ್ಲವರಿಗೆ ಹೇಳುವುದು ಸುಲಭ. ಹಳೆಯ ಮೈಸೂರಿನ ರೈತ ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಹಾಕುತ್ತಿದ್ದ. ಹುಲ್ಲು ಕುಲದ ಬೆಳೆಯೂ ದ್ವಿದಳವೂ ಒಂದೇ ಹೊಲದಲ್ಲಿ ಜೊತೆಯಾಗಿ ಬಾಳುತ್ತಿದ್ದವು. ಸಾಲಿತ್ತು, ಸಾಲುಗಳ ನಡುವೆ ಎಡೆಯಿತ್ತು, ಎಡೆಯಿದ್ದಲ್ಲಿ ಕುಂಟೆ ಆಡುತ್ತಿತ್ತು. ಕ್ಲೋವರಿನ ಬೀಜ ಬಹಳ ಸಣ್ಣದು. ಅದನ್ನು ನೆಲದ ತುಂಬ ಎರಚುತ್ತಾರೆ. ಅಲ್ಲಿ ಸಾಲೂ ಇಲ್ಲ, ಎಡೆಯೂ ಇಲ್ಲ, ಕುಂಟೆಗೆ ದಾರಿಯೂ ಇಲ್ಲ. ಒಮ್ಮೆ ಹುಲ್ಲು ಬೆರೆತರೆ ಅದನ್ನು ಬೇರೆಮಾಡಲು ಕೈಯೊಂದೇ ಗತಿ. ಸಣ್ಣ ತಾಕಾದರೆ ಆದೀತು, ಎಕರೆಗಟ್ಟಲೆ ನೆಲವಾದರೆ ಆಗದು.

ಈ ತೊಡಕಿಗೆ ಯುರೋಪು ಕಂಡುಕೊಂಡ ಮೊದಲ ಉತ್ತರ ಕ್ಲೋವರ್ ಹೊಲದಲ್ಲಿ ಇರಲಿಲ್ಲ, ಅದಕ್ಕೂ ಎರಡು ವರ್ಷ ಹಿಂದಿನ ಹೊಲದಲ್ಲಿತ್ತು. 17ನೆಯ ಶತಮಾನದ ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ ಅರಸನ ಪಕ್ಷದವನಾದ ಸರ್ ರಿಚರ್ಡ್ ವೆಸ್ಟನ್ ದೇಶ ಬಿಟ್ಟು ಫ್ಲಾಂಡರ್ಸಿಗೆ ಹೋದ. ಬೀಳುಬಿಡುವ ಬದಲು ಕ್ಲೋವರ್ ಬಿತ್ತಿ ದನ ಸಾಕುವ, ಅದೇ ನೆಲದಲ್ಲಿ ಮುಂದೆ ಒಳ್ಳೆಯ ಧಾನ್ಯ ತೆಗೆಯುವ ಕ್ರಮವನ್ನು ಅಲ್ಲಿ ಕಂಡ. ಬ್ರಾಬಾಂಟ್ ಮತ್ತು ಫ್ಲಾಂಡರ್ಸಿನ ಬೇಸಾಯವನ್ನು ಕುರಿತ ಅವನ ಬರಹವನ್ನು 1650ರಲ್ಲಿ ಸ್ಯಾಮ್ಯುಯೆಲ್ ಹಾರ್ಟ್‌ಲಿಬ್ ಅಚ್ಚುಹಾಕಿಸಿದ. ಮುಂದಿನ ನೂರು ವರ್ಷಗಳಲ್ಲಿ ಅದು ನಾರ್ಫೋಕಿನ ನಾಲ್ಕು ವರ್ಷಗಳ ಸರದಿಯಾಗಿ ಬೆಳೆಯಿತು: ಗೋಧಿ, ಟರ್ನಿಪ್, ಬಾರ್ಲಿ, ಕ್ಲೋವರ್.

ಈ ಸರದಿಯನ್ನು ಮಣ್ಣಿನ ಫಲವತ್ತತೆಗಾಗಿ ಹೊಗಳುವುದು ವಾಡಿಕೆ. ಅದರಲ್ಲಿ ಕಳೆಯ ಲೆಕ್ಕವೂ ಅಷ್ಟೇ ಜಾಣತನದ್ದು. ಟರ್ನಿಪ್ ಗೆಡ್ಡೆಯ ಬೆಳೆ. ಗಿಡಕ್ಕೂ ಗಿಡಕ್ಕೂ ನಡುವೆ ಅಂತರ ಬೇಕು. ಆದ್ದರಿಂದ ಆ ವರ್ಷ ಹೊಲವನ್ನು ಕೆದಕಿ ಕೆದಕಿ ಹುಲ್ಲನ್ನು ಕಿತ್ತುಹಾಕಬಹುದಿತ್ತು. ನಮ್ಮ ಗರಿಕೆಯಂತೆ ನೆಲದಡಿಯಲ್ಲಿ ಹಂಬು ಹರಡುವ ಕೌಚ್ ಹುಲ್ಲಿನ ಬೇರು ಆಗಲೇ ಮೇಲೆ ಬರಬೇಕು. ಹಾಗೆ ಶುದ್ಧವಾದ ನೆಲದಲ್ಲಿ ಮರುವರ್ಷ ಬಾರ್ಲಿ. ಬಾರ್ಲಿಯ ನೆರಳಿನಲ್ಲೇ ಕ್ಲೋವರಿನ ಬೀಜ. ಬಾರ್ಲಿ ಕೊಯ್ಲಾದ ಮೇಲೆ ಕ್ಲೋವರ್ ನೆಲವನ್ನು ಮುಚ್ಚಿಕೊಳ್ಳುತ್ತಿತ್ತು. ತಾನು ಕುಂಟೆಗೆ ಎಡೆಗೊಡದ ಬೆಳೆ, ತನಗಾಗಿ ಮೊದಲೇ ಕುಂಟೆ ಹೊಡೆಸಿಕೊಂಡ ನೆಲಕ್ಕೆ ಬರುತ್ತಿತ್ತು.

ಕ್ಲೋವರಿಗೆ ಆ ಶತಮಾನದಲ್ಲಿ ಸಂದ ಗೌರವ ಎಷ್ಟಿತ್ತೆಂದರೆ, ಮಧ್ಯ ಯುರೋಪಿನಲ್ಲಿ ಅದನ್ನು ಹಬ್ಬಿಸಲು ದುಡಿದ ಜರ್ಮನಿಯ ಯೋಹಾನ್ ಕ್ರಿಸ್ಟಿಯಾನ್ ಶುಬಾರ್ಟನಿಗೆ ಚಕ್ರವರ್ತಿ ಎರಡನೆಯ ಯೋಸೆಫ್ 1784ರಲ್ಲಿ ಕೊಟ್ಟ ಕುಲೀನ ಪದವಿಯ ಹೆಸರೇ 'ಕ್ಲೋವರ್ ಹೊಲದ ಒಡೆಯ' ಎಂಬ ಅರ್ಥದ್ದು. ಕೋಟೆಯ ಹೆಸರೂ ಅಲ್ಲ, ಗೆದ್ದ ಯುದ್ಧದ ಹೆಸರೂ ಅಲ್ಲ. ಮೇವಿನ ಹೊಲವೊಂದು ಮನುಷ್ಯನ ಬಿರುದಾಯಿತು.

ಬೇಡಿಕೆ ಹೆಚ್ಚಿದಂತೆ ಕ್ಲೋವರಿನ ಬೀಜ ದೇಶದಿಂದ ದೇಶಕ್ಕೆ ಸಾಗುವ ಸರಕಾಯಿತು. ಅದರೊಂದಿಗೆ ಕಳೆಯೂ ಸಾಗಿತು. ಬೀಜದ ವ್ಯಾಪಾರದಲ್ಲಿ ಮೋಸ ಎಷ್ಟು ಬೆಳೆಯಿತೆಂದರೆ ಕ್ಲೋವರಿನ ಬೀಜದಷ್ಟೇ ಗಾತ್ರಕ್ಕೆ ಕಲ್ಲು ಪುಡಿಮಾಡಿ, ಬಣ್ಣ ಹಾಕಿ ಬೆರೆಸುತ್ತಿದ್ದರು. ಸತ್ತ ಬೀಜವನ್ನೂ ಬಣ್ಣ ಹಚ್ಚಿದ ಬೀಜವನ್ನೂ ಮಾರುವುದನ್ನು ತಡೆಯಲು ಬ್ರಿಟಿಷ್ ಪಾರ್ಲಿಮೆಂಟು 1869ರಲ್ಲಿ ಕಾಯಿದೆ ಮಾಡಿತು. ಅದೇ ವರ್ಷ ಸ್ಯಾಕ್ಸನಿಯ ಥರಾಂಟ್ ಎಂಬಲ್ಲಿ ಫ್ರೀಡ್ರಿಶ್ ನೋಬ್ಬೆ ಬೀಜ ಪರೀಕ್ಷೆಯ ಕೇಂದ್ರವನ್ನು ತೆರೆದ. ಇಂದು ಬೀಜದ ಚೀಲದ ಮೇಲೆ ಮೊಳಕೆಯ ಪ್ರಮಾಣವನ್ನೂ ಶುದ್ಧತೆಯನ್ನೂ ಅಚ್ಚುಹಾಕುವ ಪದ್ಧತಿಯ ಬೇರು ಅಲ್ಲಿದೆ.

ಕ್ಲೋವರ್ ಬೆಳೆಗಾರರು ಹುಲ್ಲಿನಷ್ಟೇ ಅಂಜುತ್ತಿದ್ದ ಇನ್ನೊಂದು ಕಳೆಯಿತ್ತು. ಎಲೆಯಿಲ್ಲದೆ, ಮಣ್ಣಿನಲ್ಲಿ ಬೇರು ಉಳಿಸಿಕೊಳ್ಳದೆ, ಹಳದಿ ದಾರದಂತೆ ಗಿಡಕ್ಕೆ ಸುತ್ತಿಕೊಂಡು ಸಾರ ಹೀರುವ ಪರಾವಲಂಬಿ ಬಳ್ಳಿ. ಉತ್ತರದವರು ಅಮರಬೇಲ್ ಎನ್ನುವ ಬಳ್ಳಿಯ ಜಾತಿಯದು. ಅದರ ಬೀಜ ಕ್ಲೋವರಿನ ಬೀಜದ ಗಾತ್ರಕ್ಕೆ ಹತ್ತಿರ. ಜರಡಿಯಿಂದ ಬೇರ್ಪಡಿಸುವುದು ಕಷ್ಟ. ಆದರೆ ಕ್ಲೋವರಿನ ಬೀಜ ನುಣುಪು, ಇದರದು ಒರಟು. ಕಬ್ಬಿಣದ ನುಣ್ಣನೆಯ ಪುಡಿ ಬೆರೆಸಿದರೆ ಒರಟು ಬೀಜಕ್ಕೆ ಮಾತ್ರ ಅಂಟುತ್ತದೆ. ಆಮೇಲೆ ಅಯಸ್ಕಾಂತ ಅದನ್ನು ಎಳೆದುಕೊಳ್ಳುತ್ತದೆ. ಬರ್ಸೀಂ ಬೆಳೆಯುವ ನಮ್ಮ ಉತ್ತರದ ರೈತರಲ್ಲಿ ಇದಕ್ಕೆ ಸಮನಾದ, ಯಂತ್ರ ಬೇಡದ ಉಪಾಯವೊಂದಿದೆ. ಕಾಸನಿ, ಅಂದರೆ ಚಿಕೋರಿಯ ಜಾತಿಯ ಗಿಡದ ಬೀಜ ಬರ್ಸೀಂ ಬೀಜದಲ್ಲಿ ಬೆರೆತಿರುತ್ತದೆ. ಬಿತ್ತುವ ಮೊದಲು ಬೀಜವನ್ನು ಉಪ್ಪುನೀರಿಗೆ ಸುರಿದರೆ ಹಗುರವಾದ ಕಾಸನಿ ತೇಲುತ್ತದೆ, ಬರ್ಸೀಂ ಮುಳುಗುತ್ತದೆ. ತೇಲಿದ್ದನ್ನು ಬಾಚಿ ತೆಗೆದು, ಉಳಿದದ್ದನ್ನು ಒಳ್ಳೆಯ ನೀರಿನಲ್ಲಿ ತೊಳೆದು ಬಿತ್ತುತ್ತಾರೆ. ಹೊಲದಲ್ಲಿ ವಾರಗಟ್ಟಲೆ ಮಾಡಬೇಕಾದ ಕಳೆಗೆಲಸ ಒಂದು ಬಕೆಟ್ಟಿನಲ್ಲಿ ಮುಗಿಯುತ್ತದೆ.

ಬೀಜ ಶುದ್ಧವಾದರೂ ಹುಲ್ಲು ಬಾರದಿರುವುದಿಲ್ಲ. ಇದರ ಕಾರಣವನ್ನು ವಿಜ್ಞಾನ ತಡವಾಗಿ ತಿಳಿಯಿತು. ದ್ವಿದಳಗಳ ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ ಎಂಬುದನ್ನು 1886ರಲ್ಲಿ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಟ್ ಎಂಬ ಜರ್ಮನ್ ವಿಜ್ಞಾನಿಗಳು ತೋರಿಸಿದರು. ಆ ಸಾರಜನಕ ಕ್ಲೋವರಿನಲ್ಲೇ ಉಳಿಯುವುದಿಲ್ಲ. ಬೇರು ಕೊಳೆತಾಗ, ಎಲೆ ಉದುರಿದಾಗ, ದನದ ಗಂಜಲ ಸಗಣಿ ಬಿದ್ದಾಗ ಮಣ್ಣಿಗೆ ಸೇರುತ್ತದೆ. ಸಾರಜನಕಕ್ಕೆ ಎಲ್ಲರಿಗಿಂತ ಹಸಿದಿರುವುದು ಹುಲ್ಲು. ಬಡ ಮಣ್ಣಿನಲ್ಲಿ ಕ್ಲೋವರಿಗೆ ಹುಲ್ಲಿನ ಮೇಲೆ ಮೇಲುಗೈ; ಆದರೆ ತನ್ನ ಗೆಲುವಿನಿಂದಲೇ ಅದು ಮಣ್ಣನ್ನು ಸಿರಿವಂತಗೊಳಿಸಿ, ಸಿರಿಯನ್ನು ತನಗಿಂತ ಚೆನ್ನಾಗಿ ಬಳಸಬಲ್ಲ ಹುಲ್ಲಿಗೆ ಬಾಗಿಲು ತೆರೆಯುತ್ತದೆ. ಕ್ಲೋವರಿನ ಹೊಲಕ್ಕೆ ಹುಲ್ಲು ನುಗ್ಗುವುದು ಬೇಸಾಯದ ದೋಷದಿಂದ ಮಾತ್ರವಲ್ಲ. ಕ್ಲೋವರ್ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದರಿಂದಲೂ ಹೌದು. ಬೀಡುಬಿಟ್ಟ ಕ್ಲೋವರ್ ತಾಕು ಕೆಲವೇ ವರ್ಷಗಳಲ್ಲಿ ಹುಲ್ಲುಗಾವಲಾಗಲು ಹೊರಡುವುದು ಅದರ ಸಹಜ ಗತಿ. ಅದನ್ನು ತಡೆಯಬೇಕೆನ್ನುವುದು ನಮ್ಮ ಅಗತ್ಯ.

ಹಾಗೆ ನುಗ್ಗುವ ಹುಲ್ಲು ಎಷ್ಟೋ ಬಾರಿ ನಾವೇ ಕರೆತಂದದ್ದು. ದಕ್ಷಿಣ ಆಸ್ಟ್ರೇಲಿಯದ ಮೌಂಟ್ ಬಾರ್ಕರ್ ಬಳಿಯ ಏಮಸ್ ಹೊವಾರ್ಡ್ ಎಂಬ ರೈತ 1889ರಲ್ಲಿ ಭೂಗರ್ಭ ಕ್ಲೋವರನ್ನು ಗುರುತಿಸಿ, ಜೀವನವಿಡೀ ಅದರ ಪ್ರಚಾರ ಮಾಡಿದ. ಕಾಯನ್ನು ಮಣ್ಣಿನೊಳಗೆ ತಳ್ಳುವ ಗಿಡ ಅದು. ಅದರ ಜೊತೆಗೆ ಕುರಿಗಳ ಮೇವಿಗೆಂದು ರೈಗ್ರಾಸ್ ಎಂಬ ಹುಲ್ಲನ್ನೂ ಅಲ್ಲಿನವರು ಬೇಕೆಂದೇ ಬಿತ್ತಿದರು. ಕುರಿಗೆ ಅದು ಅನ್ನ. ಸರದಿಯಲ್ಲಿ ಅದೇ ನೆಲಕ್ಕೆ ಗೋಧಿ ಬಂದಾಗ ಅದೇ ಮೊದಲ ಶತ್ರು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯ 1943ರಲ್ಲಿ 'ಕೆಂಟಕಿ 31' ಎಂಬ ಫೆಸ್ಕ್ಯೂ ಹುಲ್ಲಿನ ತಳಿಯನ್ನು ಬಿಡುಗಡೆ ಮಾಡಿತು. ಸವಕಳಿ ತಡೆಯುವ, ಬರ ತಾಳುವ ಆ ಹುಲ್ಲನ್ನು ರೈತರು ಅಪಾರ ವಿಸ್ತಾರದಲ್ಲಿ ಬಿತ್ತಿದರು. ಇಂದು ಅಲ್ಲಿನ ಗ್ರಾಮಾಂತರದಲ್ಲಿ ಬಿಳಿಬಾಲದ ಜಿಂಕೆಗಳಿಗಾಗಿ ಬೇಟೆಯ ಆಸಕ್ತರು ಬಿಳಿ ಕ್ಲೋವರಿನ ಸಣ್ಣ ತಾಕುಗಳನ್ನು ಬೆಳೆಸುತ್ತಾರೆ. ಅವುಗಳೊಳಕ್ಕೆ ನುಗ್ಗಿ ಅವರನ್ನು ಗೋಳುಹೊಯ್ದುಕೊಳ್ಳುವ ಹುಲ್ಲುಗಳಲ್ಲಿ ಫೆಸ್ಕ್ಯೂ ಒಂದು. ತಂದೆ ಬಯಸಿ ಬಿತ್ತಿದ್ದು ಮಗನ ಕಾಲಕ್ಕೆ ಕಳೆಯಾಯಿತು.

ರಸಾಯನದ ಯುಗ ಬಂದಾಗ ಹುಲ್ಲು–ಸೊಪ್ಪು ಎಂಬ ಹಳೆಯ ವಿಂಗಡಣೆ ಹೊಸ ಅರ್ಥ ಪಡೆಯಿತು. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಮಾರುಕಟ್ಟೆಗೆ ಬಂದ 2,4–ಡಿ ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತಿತ್ತು, ಹುಲ್ಲನ್ನು ಉಳಿಸುತ್ತಿತ್ತು. ಗೋಧಿಯವರಿಗೂ ಮನೆ ಮುಂದೆ ಹುಲ್ಲುಹಾಸು ಬೆಳೆಸುವವರಿಗೂ ಅದು ವರವಾಯಿತು, ಕ್ಲೋವರಿಗೆ ಶಾಪವಾಯಿತು. ಆ ಮೊದಲು ಹುಲ್ಲುಹಾಸಿನ ಬೀಜದ ಮಿಶ್ರಣದಲ್ಲಿ ಬಿಳಿ ಕ್ಲೋವರಿಗೂ ಜಾಗವಿತ್ತು. ಅದನ್ನು ಉಳಿಸಿಕೊಂಡು ಉಳಿದ ಸೊಪ್ಪುಗಳನ್ನು ಮಾತ್ರ ಕೊಲ್ಲುವುದು ಆ ರಸಾಯನಕ್ಕೆ ಆಗದ ಕೆಲಸ. ಆದ್ದರಿಂದ ಕ್ಲೋವರೇ ಕಳೆಗಳ ಪಟ್ಟಿಗೆ ಸೇರಿತು. ಒಡೆಯನ ಬಿರುದಾಗಿದ್ದ ಗಿಡ ಒಂದು ಸೀಸೆಯ ಮಿತಿಯಿಂದಾಗಿ ಕಳೆಯಾದದ್ದು ಹೀಗೆ.

ಇದರ ವಿಲೋಮವಾದ, ಸೊಪ್ಪನ್ನು ಬಿಟ್ಟು ಹುಲ್ಲನ್ನಷ್ಟೇ ಕೊಲ್ಲುವ ಔಷಧಗಳು 1970 ಮತ್ತು 80ರ ದಶಕಗಳಲ್ಲಿ ಬಂದವು: ಡೈಕ್ಲೋಫಾಪ್, ಸೆಥಾಕ್ಸಿಡಿಮ್, ಕ್ಲೆಥೋಡಿಮ್ ಮುಂತಾದವು. ಗಿಡ ಕೊಬ್ಬಿನ ಆಮ್ಲಗಳನ್ನು ಕಟ್ಟಿಕೊಳ್ಳಲು ಬೇಕಾದ ಕಿಣ್ವವೊಂದನ್ನು ಇವು ತಡೆಯುತ್ತವೆ. ಹುಲ್ಲಿನ ಕುಲದಲ್ಲಿ ಆ ಕಿಣ್ವದ ರಚನೆ ಒಂದು ಬಗೆಯದು, ಕ್ಲೋವರಿನಂತಹ ಗಿಡಗಳಲ್ಲಿ ಇನ್ನೊಂದು ಬಗೆಯದು. ವಿಷ ಮೊದಲನೆಯದಕ್ಕೆ ತಾಗುತ್ತದೆ, ಎರಡನೆಯದಕ್ಕೆ ತಾಗುವುದಿಲ್ಲ. ನಮ್ಮ ಹಿರಿಯರು ಕಣ್ಣಿನಿಂದ ಮಾಡಿದ ವಿಂಗಡಣೆ ಜೀವಕೋಶದ ಒಳಗೂ ಇತ್ತು. ಕ್ಲೋವರ್ ಬೆಳೆಗಾರರು ಮುನ್ನೂರು ವರ್ಷ ಹಂಬಲಿಸಿದ್ದು ಕೊನೆಗೂ ಕೈಗೆ ಬಂದಂತಾಯಿತು. ಆದರೆ 1982ರಲ್ಲೇ ದಕ್ಷಿಣ ಆಸ್ಟ್ರೇಲಿಯದಿಂದ ಸುದ್ದಿ ಬಂತು: ಅದೇ ರೈಗ್ರಾಸ್ ಡೈಕ್ಲೋಫಾಪಿಗೆ ಬಗ್ಗುತ್ತಿಲ್ಲ.

ಈ ಸುದ್ದಿಯ ಅರ್ಥ ಭಾರತಕ್ಕೆ ತಿಳಿದದ್ದು ಹತ್ತು ವರ್ಷಗಳ ಬಳಿಕ, ಬರ್ಸೀಂ ಬೆಳೆಯುವ ಅದೇ ನಾಡಿನಲ್ಲಿ. 1960ರ ದಶಕದಲ್ಲಿ ಬಂದ ಗಿಡ್ಡ ಗೋಧಿ ತಳಿಗಳು, ಧಾರಾಳ ನೀರು, ಗೊಬ್ಬರ, ಭತ್ತದ ಹಿಂದೆ ಗೋಧಿ, ಗೋಧಿಯ ಹಿಂದೆ ಭತ್ತ ಎಂಬ ಎಡೆಬಿಡದ ಸರದಿ. ಇವೆಲ್ಲ ಫಲಾರಿಸ್ ಮೈನರ್ ಎಂಬ ಹುಲ್ಲಿಗೆ ಹೇಳಿಮಾಡಿಸಿದಂತಿದ್ದವು. ಪಂಜಾಬಿನಲ್ಲಿ ಅದು ಗುಲ್ಲಿ ಡಂಡಾ, ಹರಿಯಾಣದಲ್ಲಿ ಮಂಡೂಸಿ. ಉತ್ತರ ಪ್ರದೇಶದಲ್ಲಿ ಅದಕ್ಕೆ 'ಗೇಹೂಂ ಕಾ ಮಾಮಾ' ಎಂಬ ಹೆಸರೂ ಉಂಟು, ಅಂದರೆ ಗೋಧಿಯ ಸೋದರಮಾವ. ಎಳೆಯದರಲ್ಲಿ ಅದು ಗೋಧಿಯ ಸಸಿಯಂತೆಯೇ ಕಾಣುತ್ತದೆ. ಬುಡದ ಕೆಂಪು ಛಾಯೆಯಿಂದ ಮಾತ್ರ ಗುರುತು ಸಿಗುತ್ತದೆ. ಗೋಧಿ ಕೊಯ್ಲಿಗೆ ಬರುವ ಮೊದಲೇ ಬೀಜ ಉದುರಿಸಿ ಮುಂದಿನ ವರ್ಷಕ್ಕೆ ಠೇವಣಿ ಇಟ್ಟುಬಿಡುತ್ತದೆ.

ಐಸೋಪ್ರೋಟ್ಯುರಾನ್ ಎಂಬ ಕಳೆನಾಶಕ ಅದನ್ನು ಹತ್ತು ಹದಿನೈದು ವರ್ಷ ಹತೋಟಿಯಲ್ಲಿಟ್ಟಿತು. ವರ್ಷವೂ ಅದೇ ಹೊಲ, ಅದೇ ಬೆಳೆ, ಅದೇ ಔಷಧ. 1990ರ ದಶಕದ ಆರಂಭದಲ್ಲಿ ಹರಿಯಾಣದ ಹೊಲಗಳಲ್ಲಿ ಸಿಂಪಡಿಸಿದ ಮೇಲೂ ಮಾವ ತಲೆಯೆತ್ತಿ ನಿಂತ. ಹಿಸಾರಿನ ಕೃಷಿ ವಿಶ್ವವಿದ್ಯಾಲಯದ ಆರ್.ಕೆ. ಮಲಿಕ್ ಮತ್ತು ಸಮುಂದರ್ ಸಿಂಗ್ ಅದು ಔಷಧಕ್ಕೆ ನಿರೋಧ ಗಳಿಸಿದೆ ಎಂದು ತೋರಿಸಿದರು. ಔಷಧ ನಿರೋಧವನ್ನು ಹುಟ್ಟಿಸಲಿಲ್ಲ. ಕೋಟ್ಯಂತರ ಸಸಿಗಳಲ್ಲಿ ವಿರಳವಾಗಿದ್ದ ನಿರೋಧಿಗಳನ್ನು ಉಳಿಸಿ, ಉಳಿದದ್ದನ್ನೆಲ್ಲ ತೆರವು ಮಾಡಿ ಅವಕ್ಕೆ ನೆಲ ಬಿಟ್ಟುಕೊಟ್ಟಿತು. ಗೋಧಿ ಆ ಔಷಧವನ್ನು ತನ್ನೊಳಗೆ ಒಡೆದು ಅರಗಿಸಿಕೊಂಡು ಬದುಕುತ್ತದೆ. ನಿರೋಧಿ ಹುಲ್ಲೂ ಹೆಚ್ಚುಕಡಿಮೆ ಅದೇ ವಿದ್ಯೆಯಿಂದ ಬದುಕಿತು. ಅಳಿಯನ ಗುಟ್ಟು ಮಾವನಲ್ಲೂ ಇತ್ತು. ಕಳೆ ಮಿತಿಮೀರಿದ ಕಡೆ ರೈತರು ಗೋಧಿಯನ್ನು ಕಾಳು ಕಟ್ಟುವ ಮುಂಚೆಯೇ ಕತ್ತರಿಸಿ ದನಕ್ಕೆ ಹಾಕಿದರು. ದೇಶಕ್ಕೆ ಅನ್ನವಿಡುವ ನಾಡಿನಲ್ಲಿ ಗೋಧಿ ಹಸಿ ಮೇವಾಗಿ ಕೊಟ್ಟಿಗೆ ಸೇರಿತು. ಸಾಲ ಮಾಡಿ ಬಿತ್ತಿದವನ ಮನೆಯಲ್ಲಿ ಆ ವರ್ಷ ಏನಾಗಿದ್ದೀತು ಎಂದು ಊಹಿಸಲು ಅಂಕಿಅಂಶ ಬೇಕಿಲ್ಲ.

ದಶಕದ ಕೊನೆಗೆ ಕ್ಲೋಡಿನಾಫಾಪ್, ಸಲ್ಫೋಸಲ್ಫ್ಯುರಾನ್ ಮೊದಲಾದ ಹೊಸ ಔಷಧಗಳು ಬಂದು ಗೋಧಿಯನ್ನು ಉಳಿಸಿದವು. ಕೆಲವೇ ವರ್ಷಗಳಲ್ಲಿ ಅವುಗಳಿಗೂ ನಿರೋಧ ಕಾಣಿಸಿಕೊಂಡಿತು. ಈ ಅವಧಿಯಲ್ಲಿ ಸಂಶೋಧಕರ ಗಮನಕ್ಕೆ ಬಂದ ಒಂದು ಸಂಗತಿ ನಮ್ಮ ಕತೆಗೆ ಮುಖ್ಯ: ಭತ್ತ–ಗೋಧಿಯೊಂದನ್ನೇ ನೆಚ್ಚಿದ ಹೊಲಗಳಲ್ಲಿ ನಿರೋಧ ಹೆಚ್ಚು, ನಡುವೆ ಕಬ್ಬು, ತರಕಾರಿ, ಬರ್ಸೀಂ ಮೊದಲಾದವುಗಳಿಗೆ ಸರದಿ ಕೊಟ್ಟ ಕಡೆ ಕಡಿಮೆ.

ಬರ್ಸೀಂ ಈ ದೇಶಕ್ಕೆ ಬಂದದ್ದು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ, ನೈಲ್ ಕಣಿವೆಯಿಂದ ಸಿಂಧಿನ ನಾಲೆಯ ನೆಲಕ್ಕೆ. ಅಕ್ಟೋಬರಿನಲ್ಲಿ ಬಿತ್ತಿದರೆ ಐವತ್ತು ಐವತ್ತೈದು ದಿನಕ್ಕೆ ಮೊದಲ ಕುಯ್ಲು. ಆಮೇಲೆ ಇಪ್ಪತ್ತೈದು ಮೂವತ್ತು ದಿನಕ್ಕೊಮ್ಮೆ, ಬೇಸಗೆ ಬಲಿಯುವವರೆಗೆ ನಾಲ್ಕಾರು ಕುಯ್ಲು. ಗುಲ್ಲಿ ಡಂಡಾ ಬರ್ಸೀಂ ಹೊಲಕ್ಕೂ ಬರುತ್ತದೆ. ಆದರೆ ಅಲ್ಲಿ ಅದಕ್ಕೆ ತೆನೆ ಬಲಿಯಲು ವ್ಯವಧಾನವಿಲ್ಲ. ಪ್ರತಿ ತಿಂಗಳೂ ಕುಡುಗೋಲು ಬರುತ್ತದೆ. ಸೊಪ್ಪಿನೊಂದಿಗೆ ಹುಲ್ಲೂ ಎಮ್ಮೆಯ ಹೊಟ್ಟೆ ಸೇರುತ್ತದೆ. ಕ್ಲೋವರ್ ಬುಡದಿಂದ ಮತ್ತೆ ಚಿಗುರುತ್ತದೆ. ಪದೇ ಪದೇ ತಲೆ ಕಳೆದುಕೊಂಡ ವಾರ್ಷಿಕ ಹುಲ್ಲು ಸೊರಗುತ್ತದೆ. ಬೀಜ ಉದುರದ ವರ್ಷ ಮಣ್ಣಿನ ಠೇವಣಿ ಕರಗುತ್ತದೆ. ಯಾವ ರೂಪಾಂತರದಿಂದಲೂ ಕುಡುಗೋಲಿಗೆ ನಿರೋಧ ಗಳಿಸುವುದು ನೆಟ್ಟಗೆ ನಿಲ್ಲುವ ಹುಲ್ಲಿಗೆ ಸುಲಭವಲ್ಲ. ಎಂದರೆ ಯಾವ ಬೆಳೆಯಲ್ಲಿ ಹುಲ್ಲಿನ ಹತೋಟಿಯೇ ಮುನ್ನೂರು ವರ್ಷಗಳ ತೊಡಕಾಗಿತ್ತೋ ಅದೇ ಬೆಳೆ ಇಲ್ಲಿ ಗೋಧಿಯ ಹುಲ್ಲಿಗೆ ಮದ್ದಾಗಿದೆ.

ಈ ಮದ್ದನ್ನು ಕುರುಡಾಗಿ ಹೊಗಳಲಾರೆವು. ಗೋಧಿಗೆ ಸರಕಾರದ ಬೆಂಬಲ ಬೆಲೆಯಿದೆ, ಮಂಡಿಯಿದೆ. ಬರ್ಸೀಮಿಗೆ ದನ ಇರಬೇಕು, ದನಕ್ಕೆ ಕೈ ಇರಬೇಕು. ತಿಂಗಳು ತಿಂಗಳೂ ಬಗ್ಗಿ ಕೊಯ್ದು ತಲೆಯ ಮೇಲೆ ಹೊರೆ ಹೊತ್ತು ತರುವವರು ಬಹುಪಾಲು ಹೆಂಗಸರು. ನಮ್ಮ ಕಡೆ ಸಾಲಿನಲ್ಲಿ ಕೂತು ಕಳೆ ಕೀಳುವವರೂ ಅವರೇ. ಅವರ ಬೆನ್ನುನೋವಿನ ಲೆಕ್ಕ ಬಿಟ್ಟು ಹಳೆಯ ಬೇಸಾಯವನ್ನು ಮೆಚ್ಚುವುದು ನ್ಯಾಯವಲ್ಲ. ಕಳೆನಾಶಕ ಅಷ್ಟು ಬೇಗ ಹಳ್ಳಿ ಹಳ್ಳಿಗೆ ಹಬ್ಬಿದ್ದು ಕಂಪನಿಗಳ ಪ್ರಚಾರದಿಂದ ಮಾತ್ರವಲ್ಲ, ಕೂಲಿ ಸಿಗದ, ಸಿಕ್ಕರೂ ಕೊಡಲಾಗದ ರೈತನ ಬಿಕ್ಕಟ್ಟಿನಿಂದಲೂ ಹೌದು.

ಆದರೂ ನಾನ್ನೂರು ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಬಾಳಿಕೆ ಬಂದ ಉಪಾಯಗಳಾವುವೂ ಒಂಟಿಯಾಗಿರಲಿಲ್ಲ. ಟರ್ನಿಪ್ ಹೊಲದ ಗುದ್ದಲಿ, ಬೀಜ ತೊಳೆಯುವ ಉಪ್ಪುನೀರು, ತಿಂಗಳ ಕುಡುಗೋಲು, ಬೆಳೆಗಳ ಸರದಿ. ಇವು ಒಂದಕ್ಕೊಂದು ಒತ್ತಾಸೆಯಾಗಿ ನಿಂತವು, ಹುಲ್ಲಿಗೆ ಒಂದೇ ಪಾಠವನ್ನು ಹತ್ತು ಬಾರಿ ಕಲಿಯುವ ಅವಕಾಶ ಕೊಡಲಿಲ್ಲ. ಸೋತದ್ದು ಒಂದೇ ಉಪಾಯವನ್ನು ವರ್ಷ ವರ್ಷ ನೆಚ್ಚಿದಾಗ. ಔಷಧವೂ ಈ ಸಾಲಿನಲ್ಲಿ ಒಂದಾಗಿ ನಿಂತರೆ ಹೆಚ್ಚು ಕಾಲ ಬಾಳೀತು. ಅದೊಂದೇ ನಿಂತರೆ ಅದರ ಆಯುಷ್ಯವನ್ನು ಹರಿಯಾಣದ ಹೊಲಗಳು ಆಗಲೇ ಲೆಕ್ಕ ಹಾಕಿ ತೋರಿಸಿವೆ. ಆ ಲೆಕ್ಕದ ನಷ್ಟವನ್ನು ಕಟ್ಟಿದವನು ಔಷಧ ಮಾಡಿದವನೂ ಅಲ್ಲ, ಶಿಫಾರಸು ಮಾಡಿದವನೂ ಅಲ್ಲ. ಹಸಿ ಗೋಧಿಯನ್ನು ಕುಯ್ದು ಎಮ್ಮೆಗೆ ಹಾಕಿದ ರೈತ.